ಅಮೆರಿಕದಲ್ಲಿ ನಿಮ್ಮ ಜಾಗ, ನಿಮ್ಮ ಅಂಗಳ, ನಿಮ್ಮ ಕಸ: ಪೊಲೀಸರು ಎಲ್ಲಿವರೆಗೆ ಬರಬಹುದು?

ಆಟಿಯ ಜೋರು ಮಳೆಯ ಒಂದು ರಾತ್ರಿ ಅಕ್ಕನ ಮಗನ ಫೋನ್ ಬಂತು. ಅವನಿರುವುದು ಕೆಂಟಕಿಯಲ್ಲಿ, ಅಲ್ಲಿ ಆಗ ಬೆಳಿಗ್ಗೆ. ಪೇಟೆಯಿಂದ ಸ್ವಲ್ಪ ದೂರದಲ್ಲಿ ಐದೆಕರೆ ಜಾಗ ಇರುವ ಮನೆ ತೆಗೆದುಕೊಂಡು ಇನ್ನೂ ವರ್ಷ ಆಗಿಲ್ಲ. ಕಾಫಿ ಕುಡಿಯುತ್ತಾ ಕಿಟಕಿಯಲ್ಲಿ ನೋಡಿದರೆ ಹಿಂದಿನ ಕಾಡಿನ ಅಂಚಿನಲ್ಲಿ ಯೂನಿಫಾರ್ಮ್ ಹಾಕಿದ ಇಬ್ಬರು ತಮ್ಮದೇ ತೋಟ ಎಂಬಂತೆ ಅಡ್ಡಾಡುತ್ತಿದ್ದರಂತೆ. ಬೇಲಿ ಇದೆ, ಗೇಟಿಗೆ ಬೀಗ ಇದೆ, "ನೋ ಟ್ರೆಸ್‌ಪಾಸಿಂಗ್" ಬೋರ್ಡೂ ಇದೆ. "ಮಾವ, ವಾರಂಟ್ ಇಲ್ಲದೆ ಹೀಗೆ ಬರಬಹುದಾ? ನನ್ನ ಜಾಗ ಅಲ್ವಾ?"

ಬರಬಹುದು ಮಾರಾಯ, ಎಂದೆ. ಅವನಿಗೆ ನಂಬಿಕೆ ಬರಲಿಲ್ಲ. ಹೆಚ್ಚಿನವರಿಗೆ ಬರುವುದಿಲ್ಲ.

ನಾನು ವಕೀಲ ಅಲ್ಲ. ನ್ಯೂಜೆರ್ಸಿಯಲ್ಲಿ ಹದಿನಾಲ್ಕು ವರ್ಷ ಇದ್ದೆ, ಅದರಲ್ಲಿ ಬಹುಪಾಲು ಒಂದು ವಕೀಲರ ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ಕ್ರಿಮಿನಲ್ ಕೇಸುಗಳ ಕಾಗದ ಸ್ಕ್ಯಾನ್ ಆಗುವಾಗ ಓದುವ ಚಟ ಹತ್ತಿತು. ಈಗ ಬ್ರಹ್ಮಾವರದ ಹತ್ತಿರ ಅಪ್ಪನ ತೋಟ ನೋಡಿಕೊಂಡು ಇದ್ದೇನೆ. ನಮ್ಮ ಕಡೆಯ ಹುಡುಗರು ಈಗ ಅಲ್ಲಿ ಅಪಾರ್ಟ್‌ಮೆಂಟ್ ಬಿಟ್ಟು ಜಾಗ ಇರುವ ಮನೆ ಮಾಡುವುದು ಜಾಸ್ತಿ ಆಗಿದೆ, ಊರಿನ ಲೆಕ್ಕಾಚಾರವನ್ನೇ ಅಲ್ಲಿಗೂ ಒಯ್ಯುತ್ತಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಮೇಲೆ ನಿಜವಾಗಿ ಕೇಸು ಬಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಅಲ್ಲಿನ ವಕೀಲರ ಹತ್ತಿರ ಹೋಗಿ.

ಊರಿನ ಲೆಕ್ಕಾಚಾರ ಎಂದರೆ ಏನು? ನಮಗೆ ಎಲ್ಲವೂ ಜಾಗದ ಗಡಿಯ ಮೇಲೆ ನಿಂತಿದೆ. ಇದು ವರ್ಗ, ಅದು ಕುಮ್ಕಿ, ಇಲ್ಲಿಂದ ಸರಕಾರಿ. ಪಾಗಾರದ ಒಳಗೆ ಕಾಲಿಟ್ಟರೆ ನನ್ನ ಹಕ್ಕಿಗೆ ಕಾಲಿಟ್ಟ ಹಾಗೆ. ಅಮೆರಿಕದ ಪೊಲೀಸ್ ಕಾನೂನಿಗೆ ಆರ್‌ಟಿಸಿ ಯಾರ ಹೆಸರಲ್ಲಿದೆ ಎನ್ನುವುದು ಮುಖ್ಯವೇ ಅಲ್ಲ. ಅದು ಕೇಳುವುದು ಬೇರೆಯೇ ಎರಡು ಪ್ರಶ್ನೆ. ಇದು ನಿಮ್ಮ ಮನೆಬದುಕಿಗೆ ಎಷ್ಟು ಹತ್ತಿರ? ನೀವು ಇದನ್ನು ಕೈಬಿಟ್ಟಿದ್ದೀರಾ?

ಇದರ ಮೂಲ ಅವರ ಸಂವಿಧಾನದ ನಾಲ್ಕನೇ ತಿದ್ದುಪಡಿ, 1791ರದ್ದು. ಸಕಾರಣ ಇಲ್ಲದೆ ಶೋಧ ಮಾಡಬಾರದು, ಜಪ್ತಿ ಮಾಡಬಾರದು ಎನ್ನುವ ರಕ್ಷಣೆಯನ್ನು ಅದು ನಾಲ್ಕಕ್ಕೆ ಕೊಡುತ್ತದೆ: ಮನುಷ್ಯರ ಮೈ, ಮನೆ, ಕಾಗದಪತ್ರ, ಸಾಮಾನು. ಮತ್ತೊಮ್ಮೆ ಓದಿ. ಜಮೀನು ಎನ್ನುವ ಮಾತೇ ಇಲ್ಲ.

1924ರಲ್ಲಿ ಹೆಸ್ಟರ್ ಎನ್ನುವವನ ಕೇಸು ಸುಪ್ರೀಂ ಕೋರ್ಟಿಗೆ ಬಂತು. ಹೆಂಡ ನಿಷೇಧದ ಕಾಲ. ಅಪ್ಪನ ಮನೆಯ ಹತ್ತಿರ ಕಳ್ಳಭಟ್ಟಿ ವ್ಯಾಪಾರ ಮಾಡುತ್ತಿದ್ದವನು ಅಧಿಕಾರಿಗಳನ್ನು ಕಂಡು ಬಯಲಲ್ಲಿ ಓಡಿದ, ಓಡುತ್ತಾ ಜಾಡಿ ಬಿಸಾಡಿದ. ಅಧಿಕಾರಿಗಳ ಹತ್ತಿರ ವಾರಂಟ್ ಇರಲಿಲ್ಲ. ನ್ಯಾಯಮೂರ್ತಿ ಹೋಮ್ಸ್ ಬರೆದ ತೀರ್ಪು ಬಹಳ ಚಿಕ್ಕದು: ಮನೆಗೆ ಇರುವ ರಕ್ಷಣೆ ಬಯಲಿಗೆ ಇಲ್ಲ. ಇದಕ್ಕೆ ಅಲ್ಲಿ "ಓಪನ್ ಫೀಲ್ಡ್ಸ್" ನಿಯಮ ಎನ್ನುತ್ತಾರೆ. ಹೆಸರು ಕೇಳಿ ಮೋಸ ಹೋಗಬೇಡಿ. ಅದು ಓಪನ್ನೂ ಆಗಿರಬೇಕಿಲ್ಲ, ಫೀಲ್ಡೂ ಆಗಿರಬೇಕಿಲ್ಲ. ದಟ್ಟ ಕಾಡೂ ಅದರಲ್ಲೇ ಬರುತ್ತದೆ.

ಅಳಿಯನಿಗೆ ನಾನು ಹೇಳಿದ್ದು ಅವನ ರಾಜ್ಯದ್ದೇ ಕತೆ. ಕೆಂಟಕಿಯಲ್ಲಿ ಆಲಿವರ್ ಎನ್ನುವ ರೈತ. ತೋಟದಲ್ಲಿ ಗಾಂಜಾ ಬೆಳೆಯುತ್ತಾನೆ ಎಂದು ಸುದ್ದಿ ಬಂದು ಇಬ್ಬರು ಪೊಲೀಸರು ಮನೆ ದಾಟಿ ಹಿಂದೆ ಹೋದರು. ಗೇಟಿಗೆ ಬೀಗ, ಮೇಲೆ ಬೋರ್ಡ್. ಪಕ್ಕದಲ್ಲಿ ಕಾಲುದಾರಿ ಇತ್ತು, ನಮ್ಮ ತಡಮೆ ದಾಟಿದ ಹಾಗೆ ಅದರಲ್ಲಿ ಒಳಗೆ ಹೋದರು. ಯಾರೋ ದೂರದಿಂದ "ಇಲ್ಲಿ ಬೇಟೆ ಆಡುವ ಹಾಗಿಲ್ಲ, ವಾಪಸ್ ಬನ್ನಿ" ಎಂದು ಕೂಗಿದರಂತೆ. ಇವರು ಮುಂದೆ ಹೋದರು. ಮನೆಯಿಂದ ಒಂದು ಮೈಲಿಗಿಂತ ದೂರದಲ್ಲಿ ಗಾಂಜಾ ಸಿಕ್ಕಿತು. 1984ರಲ್ಲಿ ಸುಪ್ರೀಂ ಕೋರ್ಟ್ ಇದು ಸರಿ ಎಂದಿತು. ನ್ಯಾಯಮೂರ್ತಿಗಳಲ್ಲಿ ಆರು ಜನ ಒಂದು ಕಡೆ, ಮೂವರು ಇನ್ನೊಂದು ಕಡೆ. ಬೇಲಿ, ಬೀಗ, ಬೋರ್ಡ್ ಯಾವುದೂ ಕೆಲಸಕ್ಕೆ ಬರಲಿಲ್ಲ. ಅನುಮತಿ ಇಲ್ಲದೆ ಒಳಗೆ ಬರುವುದು ಬೇರೆ ಕಾನೂನಿನಲ್ಲಿ ತಪ್ಪೇ ಇರಬಹುದು, ಆದರೆ ನಾಲ್ಕನೇ ತಿದ್ದುಪಡಿಯ ಲೆಕ್ಕದಲ್ಲಿ ಅದು "ಶೋಧ" ಅಲ್ಲ ಎಂದಿತು ಕೋರ್ಟ್. ನನಗೆ ಈ ತೀರ್ಪು ಇವತ್ತಿಗೂ ಜೀರ್ಣ ಆಗಿಲ್ಲ. ಆದರೆ ನನಗೆ ಜೀರ್ಣ ಆಗದಿದ್ದರೆ ಕಾನೂನು ಬದಲಾಗುವುದಿಲ್ಲವಲ್ಲ.

ಹಾಗಾದರೆ ರಕ್ಷಣೆ ಎಲ್ಲಿಂದ ಶುರು? ಇಲ್ಲಿ ಒಂದು ಪದ ಕಲಿಯಬೇಕು: ಕರ್ಟಿಲೇಜ್. ಮನೆಗೆ ಅಂಟಿಕೊಂಡ, ಮನೆಯ ಬದುಕು ನಡೆಯುವ ಜಾಗ. ನಮ್ಮ ಭಾಷೆಯಲ್ಲಿ ಸುಮ್ನೆ ಅಂಗಳ ಎನ್ನಿ, ಮುಕ್ಕಾಲು ಪಾಲು ಅರ್ಥ ಬಂತು. ಅಂಗಳವನ್ನು ಕೋರ್ಟ್ ಮನೆಯ ಭಾಗವೆಂದೇ ನೋಡುತ್ತದೆ.

ಅಂಗಳ ಎಲ್ಲಿಗೆ ಮುಗಿಯುತ್ತದೆ ಎನ್ನುವುದಕ್ಕೆ ಇಷ್ಟು ಅಡಿ ಎಂದು ಅಳತೆ ಇಲ್ಲ. 1987ರ ಡನ್ ಕೇಸಿನಲ್ಲಿ ಕೋರ್ಟ್ ನಾಲ್ಕು ವಿಷಯ ನೋಡಿ ಎಂದಿತು. ಮನೆಗೆ ಎಷ್ಟು ಹತ್ತಿರ. ಮನೆಯ ಸುತ್ತಿನ ಬೇಲಿಯ ಒಳಗೇ ಇದೆಯೇ. ಅಲ್ಲಿ ಏನು ಕೆಲಸ ನಡೆಯುತ್ತದೆ. ಹೋಗುವವರು ಬರುವವರಿಗೆ ಕಾಣದ ಹಾಗೆ ಏನು ಮಾಡಿದ್ದೀರಿ. ಡನ್‌ನದ್ದು ಟೆಕ್ಸಾಸ್‌ನಲ್ಲಿ 198 ಎಕರೆಯ ರ‍್ಯಾಂಚ್. ಮನೆಯಿಂದ 60 ಗಜ ದೂರದಲ್ಲಿ ಒಂದು ಬಾರ್ನ್, ಅಂದರೆ ದೊಡ್ಡ ಕೊಟ್ಟಿಗೆ. ಅಧಿಕಾರಿಗಳು ಹಲವು ಬೇಲಿ ದಾಟಿ, ಕೊಟ್ಟಿಗೆಯ ಹೊರಗೆ ನಿಂತು, ಟಾರ್ಚ್ ಬಿಟ್ಟು ಒಳಗೆ ನೋಡಿದರು. ಡ್ರಗ್ಸ್ ತಯಾರಿಸುವ ಲ್ಯಾಬ್ ಕಂಡಿತು. ಕೋರ್ಟ್ ಹೇಳಿದ್ದು: ಕೊಟ್ಟಿಗೆ ಮನೆಯ ಬೇಲಿಯ ಹೊರಗಿದೆ, ಅಲ್ಲಿ ಮನೆಬಳಕೆಯ ಕೆಲಸ ನಡೆಯುತ್ತಿರಲಿಲ್ಲ, ಅದು ಅಂಗಳ ಅಲ್ಲ.

ಈ ನಾಲ್ಕು ಪ್ರಶ್ನೆ ಓದಿದ ದಿನ ನನ್ನ ಕಣ್ಣ ಮುಂದೆ ಬಂದದ್ದು ಅಪ್ಪನ ಮನೆ. ಜಗಲಿ, ಎದುರು ತುಳಸಿಕಟ್ಟೆ, ಹಪ್ಪಳ ಒಣಗಿಸುವ ಅಂಗಳ, ಬಾವಿ, ಬಚ್ಚಲು. ಇವೆಲ್ಲ ಕಣ್ಣು ಮುಚ್ಚಿ ಕರ್ಟಿಲೇಜ್. ಮನೆಗೆ ತಾಗಿಯೇ ಇರುವ ಹಟ್ಟಿ ಬಹುಶಃ ಒಳಗೆ. ಅಂಗಳ ಇಳಿದು ಹೋದರೆ ಸಿಗುವ ತೆಂಗಿನ ತೋಟದಲ್ಲಿ ವಾದ ಶುರುವಾಗುತ್ತದೆ, ಅದರಾಚೆಯ ಬೈಲುಗದ್ದೆ ಮತ್ತು ಪಂಪ್‌ಶೆಡ್ ಸೀದಾ ಓಪನ್ ಫೀಲ್ಡ್ಸ್. ಅಮೆರಿಕದಲ್ಲಿ ಮನೆ ನೋಡುವಾಗ ಹೀಗೆ ನೋಡಿ. ಹಿಂದಿನ ಡೆಕ್, ಅಡುಗೆಮನೆಯ ಬಾಗಿಲಿಗೆ ತಾಗಿದ ತರಕಾರಿ ಪಾತಿ, ಮಕ್ಕಳ ಉಯ್ಯಾಲೆ, ಗ್ಯಾರೇಜ್ ಒಂದು ಕಡೆ. ಜಾಗದ ತುದಿಯಲ್ಲಿ ಹಳೇ ಮಾಲೀಕ ಬಿಟ್ಟುಹೋದ ಶೆಡ್ ಇನ್ನೊಂದು ಕಡೆ. ಶೆಡ್ ಒಳಗೆ ನುಗ್ಗಿ ಹುಡುಕುವುದು ಬೇರೆ ವಿಷಯ, ಆದರೆ ಅದರ ಸುತ್ತ ನಡೆದಾಡುವುದನ್ನು, ತೆರೆದ ಕಿಟಕಿಯಲ್ಲಿ ಇಣುಕುವುದನ್ನು ತಡೆಯುವುದು ಕಷ್ಟ.

ಆಕಾಶದಿಂದ ನೋಡಿದರೆ? 1986ರಲ್ಲಿ ತೀರ್ಪಾದ ಕೇಸು: ಕ್ಯಾಲಿಫೋರ್ನಿಯದ ಒಬ್ಬ ಹಿತ್ತಿಲಿಗೆ ಹೊರಗೆ ಆರಡಿ, ಒಳಗೆ ಹತ್ತಡಿ ಬೇಲಿ ಹಾಕಿದ್ದ. ಪೊಲೀಸರು ಸಾವಿರ ಅಡಿ ಎತ್ತರದಲ್ಲಿ ವಿಮಾನದಲ್ಲಿ ಬಂದು ಗಾಂಜಾ ಗಿಡ ನೋಡಿದರು. ಅದು ಅಂಗಳವೇ, ಆದರೆ ಯಾರು ಬೇಕಾದರೂ ಹಾರಬಹುದಾದ ಎತ್ತರದಿಂದ ಬರಿಗಣ್ಣಿಗೆ ಕಂಡದ್ದಕ್ಕೆ ವಾರಂಟ್ ಬೇಡ ಎಂದಿತು ಕೋರ್ಟ್. 1989ರಲ್ಲಿ 400 ಅಡಿ ಎತ್ತರದಲ್ಲಿ ಹಾರಿದ ಹೆಲಿಕಾಪ್ಟರಿಗೂ ಅದೇ. ಆದರೆ 2001ರಲ್ಲಿ, ಮನೆಯ ಗೋಡೆಯ ಬಿಸಿ ಅಳೆಯುವ ಥರ್ಮಲ್ ಯಂತ್ರ ಬಳಸಿದ್ದಕ್ಕೆ ವಾರಂಟ್ ಬೇಕಿತ್ತು ಎಂದರು. ಬೇರೆ ದಾರಿಯಲ್ಲಿ ಕಾಣದ ಮನೆಯೊಳಗಿನ ಸಂಗತಿಯನ್ನು, ಜನರ ಬಳಕೆಯಲ್ಲಿಲ್ಲದ ಯಂತ್ರದಿಂದ ತಿಳಿದುಕೊಂಡರೆ ಅದು ಶೋಧವೇ.

ಜಗಲಿಗೆ ಬರೋಣ, ನನಗೆ ತುಂಬ ಇಷ್ಟದ ತೀರ್ಪು ಅಲ್ಲೇ ಇರುವುದು. ಮಯಾಮಿಯ ಜಾರ್ಡೈನ್ಸ್ ಎನ್ನುವವನ ಮನೆ ಬಾಗಿಲಿಗೆ ಪೊಲೀಸರು ಡ್ರಗ್ಸ್ ಮೂಸುವ ನಾಯಿ ತಂದರು. ನಾಯಿ ಜಗಲಿಯಲ್ಲಿ ಮೂಸಿತು, ಕೂತಿತು. ಆ ಆಧಾರದಲ್ಲಿ ವಾರಂಟ್ ತೆಗೆದುಕೊಂಡರು. 2013ರಲ್ಲಿ ಕೋರ್ಟ್ ಇದು ಆಗದು ಎಂದಿತು, ಅದೂ ಐದಕ್ಕೆ ನಾಲ್ಕರ ಅಂತರದಲ್ಲಿ. ತರ್ಕ ನಮ್ಮ ಅಜ್ಜಿಗೂ ಅರ್ಥ ಆಗುವಂಥದ್ದು. ಮನೆಗೆ ಬರುವವರಿಗೆ ಒಂದು ರೂಢಿಯ ಅನುಮತಿ ಇರುತ್ತದೆ: ಎದುರಿನ ದಾರಿಯಲ್ಲಿ ಬನ್ನಿ, ಬಾಗಿಲು ತಟ್ಟಿ, ಸ್ವಲ್ಪ ಕಾಯಿರಿ, ಕರೆಯದಿದ್ದರೆ ಹೋಗಿ. ಬಿಸ್ಕತ್ತು ಮಾರುವ ಹುಡುಗಿಯರಿಗೂ ಅಷ್ಟೇ, ಪೊಲೀಸರಿಗೂ ಅಷ್ಟೇ. ನಾಯಿ ತಂದು ಹುಡುಕುವುದು ಆ ರೂಢಿಯಲ್ಲಿ ಇಲ್ಲ.

ಆಮೇಲೆ 2018ರಲ್ಲಿ ವರ್ಜೀನಿಯದ ಒಂದು ಬೈಕಿನ ಕೇಸು. ಮನೆಯ ಪಕ್ಕದ ಡ್ರೈವ್‌ವೇಯಲ್ಲಿ, ಮೂರು ಕಡೆ ಗೋಡೆ ಇದ್ದಂಥ ಮೂಲೆಯಲ್ಲಿ, ಟಾರ್ಪಾಲು ಹೊದೆಸಿ ನಿಲ್ಲಿಸಿದ್ದ ಬೈಕನ್ನು ಪೊಲೀಸ್ ಹೋಗಿ ಟಾರ್ಪಾಲು ಎತ್ತಿ ನೋಡಿದ. ಕದ್ದ ಬೈಕೇ. ರಸ್ತೆಯಲ್ಲಿರುವ ವಾಹನವನ್ನು ಸಕಾರಣ ಇದ್ದರೆ ವಾರಂಟ್ ಇಲ್ಲದೆ ನೋಡಬಹುದು ಎನ್ನುವುದು 1925ರಿಂದ ಇರುವ ನಿಯಮ. ಆದರೆ ಆ ನಿಯಮ ಹಿಡಿದುಕೊಂಡು ಅಂಗಳಕ್ಕೆ ನುಗ್ಗುವ ಹಾಗಿಲ್ಲ ಎಂದರು, ಎಂಟಕ್ಕೆ ಒಂದು.

ಈಗ ಕಸ. ಊರಲ್ಲಿ ನಮಗೆ ಕಸದ ಬಗ್ಗೆ ಗುಟ್ಟು ಎನ್ನುವುದೇ ಇಲ್ಲ. ಹಳೇ ಪೇಪರ್, ಬಾಟ್ಲಿ, ಕಬ್ಬಿಣ ಎಲ್ಲ ಗುಜರಿಯವನಿಗೆ, ಅವನು ಅಂಗಳದಲ್ಲೇ ಕೂತು ಒಂದೊಂದಾಗಿ ತೂಗುತ್ತಾನೆ. ಉಳಿದದ್ದು ಹಸಿ ಕಸ, ಒಣ ಕಸ. ಅಮೆರಿಕದಲ್ಲಿ ವಾರಕ್ಕೊಮ್ಮೆ ದೊಡ್ಡ ಡಬ್ಬಿ ಉರುಳಿಸಿಕೊಂಡು ಹೋಗಿ ರಸ್ತೆ ಬದಿಗೆ ಇಡುತ್ತೀರಿ. ಆ ಉರುಳಿಸುವ ಮೂವತ್ತು ಹೆಜ್ಜೆಯಲ್ಲೇ ಕಾನೂನು ಬದಲಾಗುತ್ತದೆ.

ಕ್ಯಾಲಿಫೋರ್ನಿಯದ ಲಗೂನಾ ಬೀಚ್‌ನಲ್ಲಿ ಗ್ರೀನ್‌ವುಡ್ ಎನ್ನುವವನ ಮೇಲೆ ಡ್ರಗ್ಸ್ ಗುಮಾನಿ. ಪೊಲೀಸ್ ಅಧಿಕಾರಿ ಕಸದ ಗಾಡಿಯವನಿಗೆ, ಇವನ ಮನೆಯ ಚೀಲಗಳನ್ನು ಬೇರೆ ಕಸಕ್ಕೆ ಬೆರೆಸದೆ ನನಗೆ ಕೊಡು, ಎಂದರು. ಚೀಲದಲ್ಲಿ ಸಿಕ್ಕಿದ್ದರ ಆಧಾರದಲ್ಲಿ ಮನೆಗೆ ವಾರಂಟ್ ಬಂತು. 1988ರಲ್ಲಿ ಸುಪ್ರೀಂ ಕೋರ್ಟ್ ಆರಕ್ಕೆ ಎರಡರಂತೆ ಪೊಲೀಸರ ಪರ ನಿಂತಿತು. ರಸ್ತೆ ಬದಿಗೆ ಇಟ್ಟ ಚೀಲವನ್ನು ಪ್ರಾಣಿ, ಮಕ್ಕಳು, ಆಯುವವರು, ಇಣುಕುವವರು ಯಾರು ಬೇಕಾದರೂ ಬಿಚ್ಚಬಹುದು, ಹೇಗೂ ಬೇರೆಯವರಿಗೆ ಕೊಡಲೆಂದೇ ಇಟ್ಟದ್ದು, ಅದರಲ್ಲಿ ಗುಟ್ಟು ನಿರೀಕ್ಷಿಸುವುದು ಸರಿಯಲ್ಲ ಎನ್ನುವುದು ವಾದ. ಚೀಲದೊಳಗೆ ಏನಿದೆ ಎಂದು ಹೊರಗೆ ಕಾಣುತ್ತಿರಲಿಲ್ಲ, ಬಾಯಿ ಕಟ್ಟಿತ್ತು, ಆದರೂ.

ಡಬ್ಬಿ ಇನ್ನೂ ಗ್ಯಾರೇಜಿನ ಒಳಗೋ ಅಡುಗೆಮನೆಯ ಬಾಗಿಲಿನ ಪಕ್ಕವೋ ಇದ್ದರೆ ನಿಮ್ಮ ವಾದ ಗಟ್ಟಿ. ಹಾಗಾಗಿ ಕಸ ಹೊರಗಿಡುವ ಹಿಂದಿನ ರಾತ್ರಿ ಒಂದು ಹತ್ತು ನಿಮಿಷ ಕೊಡಿ. ಕಾಗದ ಚೂರು ಮಾಡುವ ಒಂದು ಶ್ರೆಡರ್ ತೆಗೆದುಕೊಳ್ಳಿ. ಇದು ಪೊಲೀಸರ ಭಯಕ್ಕಲ್ಲ, ನಮ್ಮಲ್ಲಿ ಹೆಚ್ಚಿನವರಿಗೆ ಪೊಲೀಸರಿಂದ ಅಡಗಿಸುವಂಥದ್ದು ಏನೂ ಇಲ್ಲ. ಆದರೆ ಪೊಲೀಸ್ ತೆರೆಯಬಹುದಾದ ಚೀಲವನ್ನು ಕಳ್ಳನೂ ತೆರೆಯುತ್ತಾನೆ. ಸಂಬಳದ ಚೀಟಿ, ಬ್ಯಾಂಕ್ ಕಾಗದ, ವೀಸಾ ಅರ್ಜಿಯ ಜೆರಾಕ್ಸ್, ನಮ್ಮ ಆಧಾರ್ ಹಾಗಿನ ಸೋಷಿಯಲ್ ಸೆಕ್ಯುರಿಟಿ ನಂಬರ್ ಇರುವ ಯಾವುದೇ ಹಾಳೆ, ಹೆಸರಿನ ಲೇಬಲ್ ಇರುವ ಮಾತ್ರೆ ಡಬ್ಬಿ, ಇವನ್ನು ಹಾಗೇ ಹಾಕಬೇಡಿ. ನಾನೇ ಒಮ್ಮೆ ಕೆಟ್ಟ ಪ್ರಿಂಟರನ್ನು ರಸ್ತೆ ಬದಿಗೆ ಇಟ್ಟೆ. ಪಿಕಪ್‌ನಲ್ಲಿ ಬಂದ ಒಬ್ಬ ಐದು ನಿಮಿಷದಲ್ಲಿ ಎತ್ತಿಕೊಂಡು ಹೋದ. ಹೋದ ಮೇಲೆ ನೆನಪಾಯಿತು, ಸ್ಕ್ಯಾನರ್ ಗಾಜಿನ ಮೇಲೆ ನನ್ನ ಪಾಸ್‌ಪೋರ್ಟ್‌ನ ಜೆರಾಕ್ಸ್ ಇತ್ತು. ಒಂದು ತಿಂಗಳು ನಿದ್ದೆ ಇಲ್ಲ. ಹಳೇ ಫೋನ್, ಲ್ಯಾಪ್‌ಟಾಪ್ ಕೊಡುವಾಗಲೂ ಪೂರ್ತಿ ಅಳಿಸಿಯೇ ಕೊಡಿ. ಫೋನ್ ನಿಮ್ಮ ಕೈಯಲ್ಲಿರುವವರೆಗೆ ಅದಕ್ಕೆ ಭಾರೀ ರಕ್ಷಣೆ ಇದೆ, ಬಂಧಿಸಿದಾಗಲೂ ಫೋನ್ ಒಳಗೆ ನೋಡಲು ಸಾಮಾನ್ಯವಾಗಿ ವಾರಂಟ್ ಬೇಕು ಎಂದು 2014ರಲ್ಲಿ ಒಂಬತ್ತೂ ಜನ ಒಟ್ಟಾಗಿ ಹೇಳಿದ್ದಾರೆ. ಕೈಬಿಟ್ಟಿರೋ, ಕತೆ ಬೇರೆ. ಏರ್‌ಪೋರ್ಟ್‌ನ ಗಡಿ ತಪಾಸಣೆಯ ನಿಯಮವೂ ಬೇರೆ, ಅಲ್ಲಿ ಈ ಧೈರ್ಯ ತೋರಿಸಲು ಹೋಗಬೇಡಿ.

ಕೈಬಿಡುವುದು ಎಂದರೆ ಕಸದ ಡಬ್ಬಿ ಒಂದೇ ಅಲ್ಲ. ರುಡಾಲ್ಫ್ ಏಬೆಲ್ ಎನ್ನುವ ಸೋವಿಯತ್ ಗೂಢಚಾರ ಸಿಕ್ಕಿಬಿದ್ದಾಗ ಹೋಟೆಲ್ ರೂಮಿನ ಲೆಕ್ಕ ಚುಕ್ತಾ ಮಾಡಿ ಖಾಲಿ ಮಾಡಿದ್ದ. ಆಮೇಲೆ ರೂಮಿನ ಕಸದ ಬುಟ್ಟಿಯಲ್ಲಿ ಟೊಳ್ಳು ಪೆನ್ಸಿಲ್ ಸಿಕ್ಕಿತು. ಬಿಟ್ಟುಹೋದದ್ದು ಅವನದ್ದಲ್ಲ ಎಂದರು 1960ರಲ್ಲಿ. ಓಡುವಾಗ ಬಿಸಾಡಿದ್ದೂ ಅಷ್ಟೇ, 1991ರಲ್ಲಿ ಅದೂ ತೀರ್ಮಾನ ಆಗಿದೆ. ಹಾಗಾಗಿ ಪೊಲೀಸ್ ಎದುರು ಗಾಬರಿಯಲ್ಲಿ "ಈ ಬ್ಯಾಗ್ ನನ್ನದಲ್ಲ" ಎನ್ನುವ ಅಭ್ಯಾಸ ಇದ್ದರೆ ಬಿಡಿ. ನಿಮ್ಮದಲ್ಲ ಎಂದ ಮೇಲೆ ಅದನ್ನು ತೆರೆದದ್ದು ತಪ್ಪು ಎಂದು ಕೇಳುವ ಹಕ್ಕನ್ನೂ ಸಾಮಾನ್ಯವಾಗಿ ಕಳೆದುಕೊಳ್ಳುತ್ತೀರಿ.

ಇಷ್ಟು ಹೇಳಿದ್ದು ಇಡೀ ದೇಶಕ್ಕೆ ಇರುವ ಕನಿಷ್ಠ ಮಟ್ಟ. ಒಂದೊಂದು ರಾಜ್ಯಕ್ಕೂ ಅದರದೇ ಸಂವಿಧಾನ ಇದೆ, ಅದು ಇದಕ್ಕಿಂತ ಹೆಚ್ಚು ರಕ್ಷಣೆ ಕೊಡಬಹುದು, ಕಡಿಮೆ ಕೊಡುವ ಹಾಗಿಲ್ಲ. ನನ್ನ ನ್ಯೂಜೆರ್ಸಿಯಲ್ಲಿ 1990ರಿಂದ ನಿಯಮ ಬೇರೆ: ರಸ್ತೆ ಬದಿಯ ಚೀಲವನ್ನು ಪೊಲೀಸರು ಎತ್ತಿಕೊಂಡು ಹೋಗಬಹುದು, ಬಿಚ್ಚಿ ನೋಡಲು ವಾರಂಟ್ ಬೇಕು. ಓದಿದಾಗ ನಗು ಬಂದಿತ್ತು, ಆದರೆ ಯೋಚಿಸಿದರೆ ಸರಿಯಾಗಿಯೇ ಇದೆ. ವರ್ಮಾಂಟ್ ಕಸವನ್ನೂ ಕಾಯುತ್ತದೆ, ಬೋರ್ಡ್ ಹಾಕಿದ ಜಮೀನನ್ನೂ ಕಾಯುತ್ತದೆ. ನ್ಯೂಯಾರ್ಕ್‌ನಲ್ಲೂ 1992ರಿಂದ ಬೇಲಿ ಅಥವಾ ಬೋರ್ಡ್ ಹಾಕಿದ ಜಾಗಕ್ಕೆ ಬೆಲೆ ಇದೆ. ಅಂದರೆ ಕೆಂಟಕಿಯಲ್ಲಿ ಆಲಿವರ್‌ಗೆ ಕೆಲಸಕ್ಕೆ ಬಾರದ ಬೋರ್ಡೇ ನ್ಯೂಯಾರ್ಕ್‌ನಲ್ಲಿ ಕೆಲಸಕ್ಕೆ ಬರುತ್ತದೆ. ಕೆನಡಾ, ಮೆಕ್ಸಿಕೊ ಗಡಿಯ ಹತ್ತಿರ ಇರುವವರಿಗೆ ಇನ್ನೊಂದು ಮಾತು: ಗಡಿಯಿಂದ 25 ಮೈಲಿ ಒಳಗೆ ಬಾರ್ಡರ್ ಪಟ್ರೋಲ್‌ನವರು ಗಡಿ ಕಾವಲಿಗಾಗಿ ಖಾಸಗಿ ಜಮೀನಿಗೆ ವಾರಂಟ್ ಇಲ್ಲದೆ ಬರಬಹುದು, ವಾಸದ ಮನೆಯೊಳಗೆ ಅಲ್ಲ.

ಊರಿಗೂ ಅಲ್ಲಿಗೂ ಇರುವ ದೊಡ್ಡ ವ್ಯತ್ಯಾಸ ಬೇರೆಯೇ ಕಡೆ ಇದೆ. ಇಲ್ಲಿ ಪೊಲೀಸ್ ಅಧಿಕಾರಿ ಕಾರಣ ಬರೆದಿಟ್ಟು ವಾರಂಟ್ ಇಲ್ಲದೆಯೂ ಶೋಧ ಮಾಡುವ ದಾರಿ ಇದೆ, ಪಂಚರನ್ನು ಕರೆದು ಮಹಜರು ಮಾಡುತ್ತಾರೆ, 2024ರ ಜುಲೈಯಿಂದ ಅಪರಾಧ ಪ್ರಕ್ರಿಯೆಯ ಹೊಸ ಸಂಹಿತೆಯಲ್ಲಿ ವಿಡಿಯೋ ಮಾಡಬೇಕೆಂದೂ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದೂ ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರು ಹಾಕಿದ ಕೇಸಿನಲ್ಲಿ. ಆದರೆ ಶೋಧ ತಪ್ಪಾಗಿ ನಡೆದರೂ ಸಿಕ್ಕಿದ ಸಾಕ್ಷ್ಯವನ್ನು ಅಷ್ಟಕ್ಕೇ ಬಿಸಾಡಬೇಕಿಲ್ಲ ಎನ್ನುವುದು ದಶಕಗಳಿಂದ ಇಲ್ಲಿನ ನಿಲುವು. ಅಲ್ಲಿ ತಪ್ಪು ಶೋಧದಲ್ಲಿ ಸಿಕ್ಕಿದ್ದನ್ನು, ಕೆಲವು ವಿನಾಯಿತಿ ಬಿಟ್ಟರೆ, ಕೋರ್ಟ್ ಕೇಸಿನಿಂದ ಹೊರಗಿಡುತ್ತದೆ. 1961ರಿಂದ ರಾಜ್ಯಗಳ ಕೋರ್ಟಿಗೂ ಈ ನಿಯಮ ಬಂತು. ಅದಕ್ಕೇ ಅಲ್ಲಿನ ವಕೀಲರು ಅಂಗಳ ಎಲ್ಲಿ ಮುಗಿಯಿತು ಎಂದು ಗಜ ಹಿಡಿದು ಜಗಳ ಆಡುವುದು. ಆ ಗಜದ ಮೇಲೆ ಇಡೀ ಕೇಸು ನಿಂತಿರುತ್ತದೆ.

ಈ ಎಲ್ಲ ರಕ್ಷಣೆಯನ್ನೂ ಒಂದೇ ಮಾತಿನಲ್ಲಿ ಕಳೆದುಕೊಳ್ಳಬಹುದು. ಆ ಮಾತು "ಬನ್ನಿ". ನೀವೇ ಒಪ್ಪಿದರೆ ವಾರಂಟ್ ಬೇಡ. ಬೇಡ ಎನ್ನುವ ಹಕ್ಕು ನಿಮಗಿದೆ ಎಂದು ಪೊಲೀಸರು ನಿಮಗೆ ಹೇಳಬೇಕಾಗಿಯೂ ಇಲ್ಲ, 1973ರಿಂದ ಹಾಗೇ. ಬಾಗಿಲು ತಟ್ಟಿದರೆ ತೆರೆಯಲೇಬೇಕೆಂದಿಲ್ಲ. ಬಾಗಿಲ ಒಳಗಿಂದಲೇ ವಾರಂಟ್ ಇದೆಯೇ ಎಂದು ಕೇಳಿ. ಇದ್ದರೆ ಕಿಟಕಿಗೆ ಹಿಡಿಯಲಿ, ಕೋರ್ಟಿನ ಹೆಸರು, ಜಡ್ಜ್ ಸಹಿ, ನಿಮ್ಮ ವಿಳಾಸ ಸರಿಯಾಗಿದೆಯಾ ನೋಡಿ. ಇಮಿಗ್ರೇಷನ್ ಅಧಿಕಾರಿಯೇ ಸಹಿ ಹಾಕಿದ ಕಾಗದಕ್ಕೂ ವಾರಂಟ್ ಎಂದೇ ಹೆಸರು, ಆದರೆ ಅದು ಜಡ್ಜ್ ಕೊಟ್ಟದ್ದಲ್ಲ. ಜಡ್ಜ್ ಸಹಿಯ ವಾರಂಟ್ ಇಲ್ಲದಿದ್ದರೆ "ಐ ಡೋಂಟ್ ಕನ್ಸೆಂಟ್ ಟು ಎ ಸರ್ಚ್" ಎಂದು ಸ್ಪಷ್ಟವಾಗಿ ಹೇಳಿ. ಅಷ್ಟಾದರೂ ಒಳಗೆ ಬಂದರೆ ಅಡ್ಡ ನಿಲ್ಲಬೇಡಿ, ಕೈ ಹಾಕಬೇಡಿ, ಸುಳ್ಳು ಹೇಳಬೇಡಿ. ಅದೇ ಮಾತು ಮತ್ತೆ ಹೇಳಿ, ಉಳಿದದ್ದು ಕೋರ್ಟಿನಲ್ಲಿ. ಒಳಗೆ ಯಾರದೋ ಜೀವಕ್ಕೆ ಅಪಾಯ ಇದ್ದಂಥ ತುರ್ತಿನಲ್ಲಿ ಅವರು ವಾರಂಟ್ ಇಲ್ಲದೆ ಬರಬಹುದು ಎನ್ನುವುದೂ ನೆನಪಿರಲಿ.

ಬಾಡಿಗೆ ಮನೆಯಾದರೆ ಮಾಲೀಕ ನಿಮ್ಮ ಪರವಾಗಿ ಒಪ್ಪಿಗೆ ಕೊಡುವ ಹಾಗಿಲ್ಲ. ಆದರೆ ಮನೆಯಲ್ಲಿ ಒಟ್ಟಿಗೆ ಇರುವವರು ಕೊಡಬಹುದು, ಇರುವವರ ಹಾಗೆ ಕಂಡವರು ಕೊಟ್ಟರೂ ಎಷ್ಟೋ ಸಲ ನಡೆಯುತ್ತದೆ. ಆರು ತಿಂಗಳಿಗೆಂದು ಬಂದ ನಮ್ಮ ಅಪ್ಪ ಅಮ್ಮ ಈ ಲೆಕ್ಕದಲ್ಲೇ ಬರುತ್ತಾರೆ. ಬಾಗಿಲಿಗೆ ಬಂದವರಿಗೆ ಬೆಲ್ಲ ನೀರು ಕೊಡುವ ಜನ ನಾವು. ಯೂನಿಫಾರ್ಮ್ ನೋಡಿದರಂತೂ ಕುರ್ಚಿ ಎಳೆದು ಹಾಕುತ್ತೇವೆ.

ಮುಂದಿನ ತಿಂಗಳು ಅಕ್ಕ ಕೆಂಟಕಿಗೆ ಹೊರಟಿದ್ದಾಳೆ. ಬಾಗಿಲ ಒಳಮೈಗೆ ಅಂಟಿಸಲು ಕನ್ನಡದಲ್ಲಿ ಒಂದು ಚೀಟಿ ಬರೆದುಕೊಟ್ಟಿದ್ದೇನೆ: "ಬಾಗಿಲು ತೆರೆಯಬೇಡ. ಕಮಿನ್ ಎನ್ನಬೇಡ, ತಲೆ ಆಡಿಸಬೇಡ. ಮಗನಿಗೆ ಫೋನ್ ಮಾಡು."

ಅಕ್ಕ ಎರಡು ಸಲ ಓದಿದಳು. "ಅಷ್ಟು ದೂರದಿಂದ ಬಂದವರಿಗೆ ಆಸರಿಗೆ ಕುಡಿಯಲು ಬೇಕಾ ಅಂತಲೂ ಕೇಳಬಾರದಾ?"

ಕೇಳು, ಕಿಟಕಿಯಿಂದ ಕೇಳು, ಎಂದೆ.